ತಲೆಗೂದಲಿಗೆ ಅಡುಗೆಮನೆಯ ಎರಡು ದಾರಿ

ಕೂದಲು ತೆಳ್ಳಗಾಗಿದೆ ಎಂದು ಯಾರ ಮುಂದೆಯಾದರೂ ಹೇಳಿ ನೋಡಿ, ಸುಮ್ಮನೆ ಕೇಳಿಸಿಕೊಂಡು ಹೋಗುವವರು ಒಬ್ಬರೂ ಸಿಗುವುದಿಲ್ಲ. ಅಜ್ಜಿ ಮೆಂತ್ಯ ನೆನೆಹಾಕು ಎನ್ನುತ್ತಾರೆ. ಪಕ್ಕದ ಮನೆಯವರು ಈರುಳ್ಳಿ ರಸ ಎನ್ನುತ್ತಾರೆ. ಆಫೀಸಿನ ಗೆಳತಿ ಮೊಟ್ಟೆ ಎಂದರೆ, ಮೊಬೈಲಿನೊಳಗಿಂದ ಯಾರೋ ಅಕ್ಕಿ ತೊಳೆದ ನೀರು ಎನ್ನುತ್ತಾರೆ. ಸಲಹೆ ಪುಕ್ಕಟೆ, ಸಾಮಾನೂ ಮನೆಯಲ್ಲೇ ಇದೆ. ಹಾಗಾಗಿ ಎಲ್ಲವನ್ನೂ ಒಂದೊಂದು ಭಾನುವಾರ ತಲೆಗೆ ಮೆತ್ತಿಕೊಳ್ಳುತ್ತೇವೆ, ಆಮೇಲೆ ಯಾವುದೂ ನಾಟಲಿಲ್ಲ ಎಂದು ಕೈಬಿಡುತ್ತೇವೆ. ಈ ಪದಾರ್ಥಗಳು ನಿಜವಾಗಿ ಮಾಡುವ ಕೆಲಸವೇನು, ಮಾಡಲಾಗದ್ದೇನು ಎಂಬುದೇ ಇವತ್ತಿನ ವಿಷಯ.

ಮೊದಲು ನಿಮ್ಮ ತೊಂದರೆ ಯಾವುದೆಂದು ನೋಡಿಕೊಳ್ಳಿ. ಕೂದಲು ತೆಳ್ಳಗೆ ಎನ್ನುವಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿರುತ್ತೇವೆ. ಕೆಲವರಿಗೆ ತಲೆತುಂಬ ಕೂದಲಿರುತ್ತದೆ, ಆದರೆ ಒಂದೊಂದು ಎಳೆಯೂ ಸಪೂರ. ಉದುರಿದ ಒಂದು ಕೂದಲನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಜ್ಜಿ. ಇದ್ದದ್ದೇ ತಿಳಿಯದಿದ್ದರೆ ನಿಮ್ಮದು ಸಪೂರ ಎಳೆ. ಅದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ರೋಗವಲ್ಲ. ಇನ್ನು ಕೆಲವರಿಗೆ ಎಳೆ ಚೆನ್ನಾಗಿಯೇ ಇದ್ದು ಸಂಖ್ಯೆ ಇಳಿದಿರುತ್ತದೆ. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ, ಜಡೆ ಕೈಗೆ ಸಣ್ಣದಾಗಿ ಸಿಗುತ್ತದೆ, ಹಣೆಯ ಎರಡೂ ಬದಿ ಖಾಲಿಯಾಗುತ್ತದೆ. ಮೊದಲನೆಯದಕ್ಕೆ ಬೇಕಾದದ್ದು ಆರೈಕೆ. ಎರಡನೆಯದಕ್ಕೆ ಮೊದಲು ಕಾರಣ ಹುಡುಕಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಫಲ ಕಾಣುವುದಿಲ್ಲ.

ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಒಂದೊಂದೂ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿ ಪಡೆದು, ಕಳಚಿ ಬೀಳುತ್ತದೆ. ಅದೇ ಬೇರಿನಿಂದ ಹೊಸದು ಹೊರಡುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಣಿಗೆ ನೋಡಿ ಬೆಚ್ಚಬೇಕಿಲ್ಲ. ಕೂದಲಿನಲ್ಲಿ ಜೀವವಿರುವುದು ಚರ್ಮದ ಒಳಗಿರುವ ಬೇರಿಗೆ ಮಾತ್ರ. ಹೊರಗೆ ಕಾಣುವ ಎಳೆ ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ದಾರ. ಅದಕ್ಕೆ ಉಣಿಸಲು ಬರುವುದಿಲ್ಲ. ಬೇರಿಗೆ ಆಹಾರ ತಲುಪುವುದು ರಕ್ತದ ಮೂಲಕ, ಅಂದರೆ ತಟ್ಟೆಯಿಂದ.

ಹಾಗಾದರೆ ಹಚ್ಚುವುದೆಲ್ಲ ವ್ಯರ್ಥವೇ? ಅಲ್ಲ. ಎಳೆ ನಿರ್ಜೀವವಾದರೂ ಅದನ್ನು ಕಾಯಬಹುದು, ತುಂಡಾಗದಂತೆ ತಡೆಯಬಹುದು, ತುಸು ದಪ್ಪಗೆ ಕಾಣುವಂತೆ ಮಾಡಬಹುದು. ಎಳೆಯ ಹೊರಮೈಯಲ್ಲಿ ಸಣ್ಣ ಸಣ್ಣ ಪೊರೆಗಳು ನಾಡಹಂಚಿನ ಮಾಡಿನಂತೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಅವು ಮಲಗಿದ್ದರೆ ಕೂದಲು ಹೊಳೆಯುತ್ತದೆ, ಸಿಕ್ಕಾಗುವುದಿಲ್ಲ. ಎದ್ದು ನಿಂತರೆ ಎಳೆಗಳು ಒಂದಕ್ಕೊಂದು ತಗುಲಿಕೊಂಡು, ಬಾಚುವಾಗ ಹರಿಯುತ್ತವೆ. ಸಪೂರ ಎಳೆ ಬೇಗ ತುಂಡಾಗುವುದರಿಂದ ಈ ಹೊದಿಕೆ ಕಾಯುವುದು ಅದಕ್ಕೆ ಇನ್ನಷ್ಟು ಮುಖ್ಯ.

ಈ ಕೆಲಸದಲ್ಲಿ ತೆಂಗಿನೆಣ್ಣೆ ನಿಜವಾಗಿ ಮುಂದಿದೆ. 2003ರಲ್ಲಿ ಆರತಿ ರೇಲೆ ಮತ್ತು ಮೊಹಿಲೆ ಎಂಬ ನಮ್ಮ ದೇಶದ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿನ ಮೇಲೆ ಪರೀಕ್ಷಿಸಿ ವರದಿ ಪ್ರಕಟಿಸಿದರು. ತೊಳೆಯುವಾಗ, ಬಾಚುವಾಗ ಎಳೆಯಿಂದ ಪ್ರೋಟೀನ್ ಸವೆದುಹೋಗುವುದನ್ನು ಗಣನೀಯವಾಗಿ ತಡೆದದ್ದು ತೆಂಗಿನೆಣ್ಣೆ ಒಂದೇ. ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಎಳೆಯ ಒಳಕ್ಕೆ ಇಳಿಯುತ್ತದೆ. ಒಳಗೆ ಎಣ್ಣೆಯಿದ್ದರೆ ನೀರು ಬಿದ್ದಾಗ ಕೂದಲು ಅಷ್ಟಾಗಿ ಉಬ್ಬುವುದಿಲ್ಲ. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ನಮ್ಮ ಎಣ್ಣೆನೀರಿನ ಕ್ರಮಕ್ಕೆ ಇದು ಒಳ್ಳೆಯ ಸಮರ್ಥನೆ.

ಆದರೆ ಸಪೂರ ಕೂದಲಿನವರು ಎಣ್ಣೆಯಲ್ಲಿ ಕೈ ಬಿಗಿ ಹಿಡಿಯಬೇಕು. ಒಂದು ಚಮಚ ಸಾಕು. ಕಿವಿಯ ಮಟ್ಟದಿಂದ ಕೆಳಗೆ, ತುದಿಯವರೆಗೆ ಸವರಿ, ಒಂದೆರಡು ಗಂಟೆ ಬಿಟ್ಟು ತೊಳೆಯಿರಿ. ದಿನವಿಡೀ ನೆತ್ತಿಯ ಮೇಲೆ ಎಣ್ಣೆ ಇಟ್ಟುಕೊಂಡರೆ ಎಳೆಗಳು ಒಂದಕ್ಕೊಂದು ಅಂಟಿ ತಲೆಯ ಚರ್ಮ ಇನ್ನಷ್ಟು ಕಾಣುತ್ತದೆ. ತಲೆಹೊಟ್ಟು ಇರುವವರಿಗಂತೂ ಅದು ಕೆಡುಕು. ಹೊಟ್ಟಿಗೆ ಸಂಬಂಧಿಸಿದ ಮಲಸೀಜಿಯಾ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ಹರಳೆಣ್ಣೆ ತೀರಾ ಮಂದ. ಸಪೂರ ಕೂದಲನ್ನು ಜಟೆಗಟ್ಟಿಸುತ್ತದೆ, ತೊಳೆದರೆ ಸುಲಭಕ್ಕೆ ಹೋಗುವುದಿಲ್ಲ. ಬೇಕೇ ಬೇಕೆಂದರೆ ತೆಂಗಿನೆಣ್ಣೆಗೆ ನಾಲ್ಕೈದು ಹನಿ ಸೇರಿಸಿಕೊಳ್ಳಿ.

ಹಚ್ಚುವ ವಸ್ತುಗಳಲ್ಲಿ ಎಣ್ಣೆಯ ನಂತರ ಎರಡನೆಯ ಗುಂಪು ಲೋಳೆಯದು. ಮೆಂತ್ಯ, ಅಗಸೆ ಬೀಜ, ಹಿತ್ತಿಲಿನ ದಾಸವಾಳದ ಎಲೆ ಎಲ್ಲ ಇದರಲ್ಲಿ ಬರುತ್ತವೆ. ಮೆಂತ್ಯವನ್ನು ನೀರಿಗೆ ಹಾಕಿದರೆ ಅದರಲ್ಲಿರುವ ಗ್ಯಾಲಕ್ಟೋಮನ್ನಾನ್ ಎಂಬ ಪಿಷ್ಟದ ಜಾತಿಯ ವಸ್ತು ಉಬ್ಬಿ ಲೋಳೆಯಾಗುತ್ತದೆ. ಆ ಲೋಳೆ ಎಳೆಯ ಮೇಲೆ ತೆಳುವಾದ ಪದರವಾಗಿ ಒಣಗುತ್ತದೆ. ಎಳೆ ತುಸು ಗಡುಸಾಗುತ್ತದೆ, ಕೂದಲು ತಲೆಗೆ ಅಂಟದೆ ಸ್ವಲ್ಪ ಎದ್ದು ನಿಲ್ಲುತ್ತದೆ, ದಟ್ಟವಾಗಿ ಕಾಣುತ್ತದೆ. ಮುಂದಿನ ಸ್ನಾನಕ್ಕೆ ಅದು ತೊಳೆದುಹೋಗುತ್ತದೆ. ಬೇರಿಗೆ ಇದರಿಂದ ಲಾಭವಾಯಿತೆನ್ನಲು ಆಧಾರ ಸಾಲದು. ಆದರೆ ಸಪೂರ ಕೂದಲಿನವರಿಗೆ ಬೇಕಾದದ್ದು ಬಹಳ ಸಲ ಇಷ್ಟೇ.

ಮಾಡುವ ಬಗೆಯಲ್ಲಿ ಒಂದು ಸೂಕ್ಷ್ಮವಿದೆ. ನೆನೆದ ಮೆಂತ್ಯವನ್ನು ಹಾಗೇ ರುಬ್ಬಿ ಮುದ್ದೆಯಾಗಿ ಮೆತ್ತಿದರೆ, ಅದರ ಚರಟ ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸುವ ಗುದ್ದಾಟದಲ್ಲಿ ಕಳೆದುಕೊಳ್ಳುವ ಕೂದಲೇ ಹೆಚ್ಚು. ಎರಡು ಚಮಚ ಮೆಂತ್ಯವನ್ನು ಒಂದು ಲೋಟ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಐದು ನಿಮಿಷ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಆ ಲೋಳೆನೀರನ್ನು ತೊಳೆದ ಕೂದಲಿಗೆ ಸವರಿ, ಕಾಲು ಗಂಟೆ ಬಿಟ್ಟು ಬರೀ ನೀರು ಹುಯ್ದುಕೊಳ್ಳಿ. ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿದರೂ ಸೋಸದೆ ಹಚ್ಚಬೇಡಿ.

ಅಕ್ಕಿಯ ನೀರಿನ ಕೆಲಸವೂ ಇದೇ ಜಾತಿಯದು. ಚೀನಾದ ಗುವಾಂಗ್‌ಶಿ ಪ್ರದೇಶದ ಹುವಾಂಗ್‌ಲುವೊ ಎಂಬ ಹಳ್ಳಿಯ ಯಾವೊ ಜನಾಂಗದ ಹೆಂಗಸರು ಹುಳಿಬರಿಸಿದ ಅಕ್ಕಿನೀರಿನಲ್ಲಿ ತಲೆ ತೊಳೆಯುತ್ತಾರೆ. ಅವರ ಉದ್ದ ಕೂದಲು ಜಗತ್ತಿಗೇ ಹೆಸರುವಾಸಿ. ಅವರ ಕೂದಲು ಅಷ್ಟುದ್ದ ಬೆಳೆಯುವುದರಲ್ಲಿ ವಂಶದ ಪಾಲು ಎಷ್ಟು, ನೀರಿನ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ. ದೂರ ಏಕೆ, ಸೀಗೆಪುಡಿಯನ್ನು ಗಂಜಿಯ ತಿಳಿಯಲ್ಲಿ ಕಲಸುವ ರೂಢಿ ದಕ್ಷಿಣದ ಮನೆಗಳಲ್ಲೂ ಇತ್ತು. ತಿಳಿಯ ಪಿಷ್ಟ ಎಳೆಗೆ ಮೆರುಗು, ಬಿಗಿ ಎರಡನ್ನೂ ಕೊಡುತ್ತದೆ. ವಾರಕ್ಕೊಮ್ಮೆ ಸಾಕು. ದಿನವೂ ಹಾಕಿದರೆ ಪದರದ ಮೇಲೆ ಪದರ ಕೂತು ಕೂದಲು ಒರಟಾಗಿ ಮುರಿಯತೊಡಗುತ್ತದೆ.

ಮೊಟ್ಟೆಯ ಬಗ್ಗೆ ನಿರೀಕ್ಷೆ ಹೆಚ್ಚು. ಕೂದಲೂ ಪ್ರೋಟೀನ್, ಮೊಟ್ಟೆಯೂ ಪ್ರೋಟೀನ್, ಹಚ್ಚಿದರೆ ಸೇರಿಹೋಗುತ್ತದೆ ಎಂಬುದು ಲೆಕ್ಕಾಚಾರ. ಆದರೆ ಮೊಟ್ಟೆಯ ಬಿಳಿಯ ಪ್ರೋಟೀನ್ ಅಣು ಎಳೆಯೊಳಗೆ ನುಸುಳಲಾರದಷ್ಟು ದೊಡ್ಡದು. ಮೇಲೆ ಒಂದು ಪದರ ಕಟ್ಟಬಹುದು, ಅಷ್ಟೆ. ಬಿಸಿನೀರು ಹುಯ್ದರೆ ಅದು ತಲೆಯ ಮೇಲೆಯೇ ಬೆಂದು ಚೂರು ಚೂರಾಗಿ ಅಂಟಿಕೊಳ್ಳುತ್ತದೆ. ಮೊಟ್ಟೆ ತಿನ್ನುವವರು ಅದನ್ನು ಬೇಯಿಸಿ ತಿಂದರೇ ಕೂದಲಿಗೆ ಹೆಚ್ಚು ಉಪಕಾರ.

ಇನ್ನು ತೊಳೆಯುವುದು. ನೆತ್ತಿಯ ಚರ್ಮ ತುಸು ಆಮ್ಲೀಯ. ಅದರ ಪಿಎಚ್ ಸುಮಾರು 5.5. ಸ್ನಾನದ ಸಾಬೂನಿನದು 9ರಿಂದ 10, ಕ್ಷಾರ. ಕ್ಷಾರ ತಗುಲಿದರೆ ಎಳೆ ಉಬ್ಬಿ, ಪೊರೆಗಳು ಏಳುತ್ತವೆ. ಕೊಳವೆಬಾವಿಯ ಗಡಸು ನೀರಾದರೆ ಸಾಬೂನು ಅದರ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಜಿಗುಟಾಗಿ ಕೂದಲ ಮೇಲೆ ಕೂರುತ್ತದೆ. ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಕೊಡುವುದು ಸಪೋನಿನ್ ಎಂಬ ವಸ್ತು. ಅದು ಸಾಬೂನಿನಂತೆ ಜಿಗುಟು ಕಟ್ಟುವುದಿಲ್ಲ. ಸೀಗೆಯ ನೀರು ತಾನೂ ತುಸು ಆಮ್ಲೀಯವಾಗಿರುವುದರಿಂದ ಪೊರೆಗಳು ಮಲಗಿಯೇ ಇರುತ್ತವೆ. ಇಲ್ಲೂ ಸೋಸುವ ಮಾತು ಮರೆಯಬೇಡಿ: ಒರಟು ಪುಡಿ ಹಾಕಿ ತಿಕ್ಕಿದರೆ ಸಪೂರ ಎಳೆ ಸವೆಯುತ್ತದೆ. ಕಾಯಿಯನ್ನು ಕುದಿಸಿ, ಸೋಸಿ, ಬರೀ ನೀರನ್ನು ಬಳಸಿ. ಕಣ್ಣು ಮುಚ್ಚಿಕೊಂಡಿರಿ. ಸೀಗೆ, ಅಂಟುವಾಳ ಎರಡೂ ಕಣ್ಣು ಉರಿಸುತ್ತವೆ. ಮೃದುವಾದ ಶಾಂಪೂ ಹಾಕುವವರು ಅದನ್ನೇ ಹಾಕಿ, ತಪ್ಪೇನಿಲ್ಲ. ಸಪೂರ ಕೂದಲು ಬೇಗ ಜಿಡ್ಡಾಗುವುದರಿಂದ ವಾರಕ್ಕೆ ಎರಡು ಮೂರು ಸಲ ತೊಳೆಯುವುದೇ ಮೇಲು. ತೊಳೆದದ್ದರಿಂದ ಕೂದಲು ಉದುರುವುದಿಲ್ಲ. ಕಳಚಲು ಸಿದ್ಧವಿದ್ದದ್ದು ಆಗ ಕೈಗೆ ಬರುತ್ತದೆ.

ಅಡುಗೆಮನೆಯಲ್ಲಿದೆ ಎಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಅಡುಗೆ ಸೋಡಾ ಕ್ಷಾರ, ತಲೆಗೆ ಬೇಡ. ನಿಂಬೆರಸವನ್ನು ನೇರವಾಗಿ ಹಚ್ಚಿದರೆ ಚರ್ಮ ಉರಿಯುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂಥ ಕಲೆ ಬೀಳಬಹುದು. ತಲೆಗೆ ಹುಳಿ ಹಚ್ಚಲೇಬೇಕೆಂದರೆ ಮೊಸರಿನದು ಸೌಮ್ಯ; ನೀರು ಬೆರೆಸಿದ ಮಜ್ಜಿಗೆ ಸಾಕು.

ಈರುಳ್ಳಿ ರಸದ ಸುದ್ದಿಗೆ ಒಂದು ಮೂಲವಿದೆ. 2002ರಲ್ಲಿ ಇರಾಕಿನ ಬಾಗ್ದಾದ್‌ನ ಚರ್ಮವೈದ್ಯರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ರಸವನ್ನು ದಿನಕ್ಕೆರಡು ಬಾರಿ ಹಚ್ಚಿದ 23 ಮಂದಿಯ ಪೈಕಿ 20 ಮಂದಿಗೆ ಆರು ವಾರದಲ್ಲಿ ಕೂದಲು ಮತ್ತೆ ಮೂಡಿತ್ತು. ಕೇಳಲು ಚೆನ್ನಾಗಿದೆ. ಆದರೆ ಅವರಿಗಿದ್ದದ್ದು ನಾಣ್ಯದಗಲ ಜಾಗದಲ್ಲಿ ಕೂದಲು ಪೂರ್ತಿ ಹೋಗುವ ಅಲೋಪೇಸಿಯಾ ಏರಿಯೇಟಾ. ಅದು ದೇಹದ ರಕ್ಷಣಾ ವ್ಯವಸ್ಥೆಯೇ ಬೇರಿನ ಮೇಲೆ ತಿರುಗಿಬೀಳುವ ರೋಗ. ಎಷ್ಟೋ ಸಲ ತಾನಾಗಿಯೂ ವಾಸಿಯಾಗುತ್ತದೆ. ಸಪೂರ ಎಳೆಗಾಗಲಿ, ಅಗಲವಾದ ಬೈತಲೆಗಾಗಲಿ ಆ ಪ್ರಯೋಗ ಉತ್ತರ ಕೊಡುವುದಿಲ್ಲ. ಅದೇ ರೀತಿ, ಮುಡಿ ಕೊಟ್ಟರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ನಂಬಿಕೆಯೂ ಹಳೆಯದು. ಕ್ಷೌರದಿಂದ ಕೂದಲು ದಪ್ಪವಾಗುವುದಿಲ್ಲವೆಂದು ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ತೋರಿಸಿದ್ದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ಹತ್ತುತ್ತದೆ, ಅಷ್ಟೆ. ಹರಕೆಗೆ ಮುಡಿ ಕೊಡಿ, ದಟ್ಟಕ್ಕೆಂದು ಬೇಡ.

ಈಗ ಎರಡನೆಯ ದಾರಿ, ತಟ್ಟೆಯ ದಾರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಕಬ್ಬಿಣದ ಕೊರತೆ ಕೂದಲುದುರುವುದಕ್ಕೂ ದಾರಿ ಮಾಡುತ್ತದೆ. ಅಂಥವರ ನೆತ್ತಿಗೆ ಎಷ್ಟು ಮೆಂತ್ಯ ಹಾಕಿದರೇನು? ನುಗ್ಗೆಸೊಪ್ಪಿನ ಪಲ್ಯ, ಮೊಳಕೆ ಹುರುಳಿಯ ಬಸ್ಸಾರು, ಹೆಸರುಬೇಳೆ ಕೋಸಂಬರಿ, ರಾಗಿ, ಎಳ್ಳು, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ: ಕೂದಲಿನ ನಿಜವಾದ ಆಹಾರ ಇವು. ಕಾಳು ಮೊಳಕೆ ಕಟ್ಟಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ. ಊಟದ ಜೊತೆ ನಿಂಬೆಹುಳಿಯೋ ನೆಲ್ಲಿಕಾಯಿ ತಂಬುಳಿಯೋ ಇದ್ದರೆ, ಅದರ ಸಿ ವಿಟಮಿನ್ ಸೊಪ್ಪು ಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಊಟ ಮುಗಿದ ಕೂಡಲೇ ಕುಡಿಯುವ ಕಾಫಿ, ಟೀ ಅದಕ್ಕೆ ಅಡ್ಡ ಬರುತ್ತವೆ. ಒಂದು ಗಂಟೆ ತಡೆಯಿರಿ. ಪ್ರೋಟೀನಿನ ಲೆಕ್ಕ ಹೀಗೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವುದು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 55 ಕಿಲೋ ತೂಕದವರಿಗೆ ಸುಮಾರು 46 ಗ್ರಾಂ. ಅನ್ನ, ತಿಳಿಸಾರು, ಉಪ್ಪಿನಕಾಯಿಯ ಊಟದಲ್ಲಿ ಅಷ್ಟು ಸಿಗುವುದಿಲ್ಲ. ಮನೆಮಂದಿಗೆಲ್ಲ ಬಡಿಸಿ, ಉಳಿದದ್ದನ್ನು ಕೊನೆಗೆ ಉಣ್ಣುವ ತಾಯಂದಿರು ದಯವಿಟ್ಟು ಈ ಮಾತು ಕೇಳಿಸಿಕೊಳ್ಳಬೇಕು.

ಕೂದಲಿಗೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ಅದರ ಕೊರತೆ ತೀರಾ ಅಪರೂಪ. ಹೆಚ್ಚಿನ ಪ್ರಮಾಣದಲ್ಲಿ ನುಂಗುತ್ತಿದ್ದರೆ ಥೈರಾಯ್ಡ್‌ನಂಥ ರಕ್ತಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರಬಹುದು. ಪರೀಕ್ಷೆಗೆ ಮುಂಚೆ ವೈದ್ಯರಿಗೆ ತಿಳಿಸಿ.

ವೈದ್ಯರ ಬಳಿ ಹೋಗಲೇಬೇಕಾದ ಸಂದರ್ಭಗಳೂ ಇವೆ. ಜೋರು ಜ್ವರ, ಡೆಂಗಿ, ಹೆರಿಗೆ, ಶಸ್ತ್ರಚಿಕಿತ್ಸೆ, ಕಟ್ಟುನಿಟ್ಟಿನ ಉಪವಾಸ, ಇವಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರಬಹುದು. ಇದು ಸಾಮಾನ್ಯವಾಗಿ ತಾನೇ ನಿಂತು ಕೂದಲು ಮರಳಿ ಬರುತ್ತದೆ. ಆ ಹೊತ್ತಿಗೆ ಹಚ್ಚುತ್ತಿದ್ದ ಮನೆಮದ್ದಿಗೆ ಹೆಸರು ಬರುತ್ತದೆ. ಆರು ತಿಂಗಳಾದರೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಲೇ ಇದ್ದರೆ, ಬಿಲ್ಲೆಬಿಲ್ಲೆಯಾಗಿ ಕೂದಲು ಹೋದರೆ, ಸುಸ್ತು, ಮುಟ್ಟಿನ ಏರುಪೇರು ಜೊತೆಗಿದ್ದರೆ ಚರ್ಮವೈದ್ಯರನ್ನು ಕಾಣಿ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಅವರು ಹೇಳುತ್ತಾರೆ. ವಂಶದಿಂದ ಬಂದ ಉದುರುವಿಕೆಗೆ ಮಿನಾಕ್ಸಿಡಿಲ್‌ನಂಥ ಔಷಧಿಯಿದೆ. ಬೇಗ ಶುರುಮಾಡಿದಷ್ಟೂ ಫಲ ಹೆಚ್ಚು. ಮನೆಮದ್ದಿನಲ್ಲಿ ಎರಡು ವರ್ಷ ಕಳೆದು ಹೋಗುವವರಿಗೆ ನಷ್ಟವಾಗುವುದು ಈ ಕಾಲವೇ.

ಕೊನೆಗೆ ಇಷ್ಟು. ವಾರಕ್ಕೊಮ್ಮೆ ತಲೆಸ್ನಾನಕ್ಕೆ ಮುಂಚೆ ಒಂದು ಚಮಚ ತೆಂಗಿನೆಣ್ಣೆ. ತೊಳೆಯಲು ಸೋಸಿದ ಸೀಗೆನೀರು ಅಥವಾ ಮೃದು ಶಾಂಪೂ. ಆಮೇಲೆ ಮೆಂತ್ಯದ ಲೋಳೆನೀರು ಅಥವಾ ಗಂಜಿ ತಿಳಿ, ಎರಡರಲ್ಲಿ ಒಂದು. ಒದ್ದೆ ಕೂದಲನ್ನು ಬಾಚಬೇಡಿ, ಜಡೆ ಬಿಗಿದು ಹೆಣೆಯಬೇಡಿ. ಇದರ ಗುಣ ಒಂದೆರಡು ಸ್ನಾನದಲ್ಲೇ ಕಾಣುತ್ತದೆ. ಊಟದ ಗುಣ ಕಾಣಲು ಮೂರರಿಂದ ಆರು ತಿಂಗಳು ಬೇಕು, ಏಕೆಂದರೆ ಬೇರಿನಿಂದ ಹೊರಟ ಹೊಸ ಕೂದಲು ಅಷ್ಟು ಹೊತ್ತಿಗೆ ಮೂರರಿಂದ ಆರು ಸೆಂಟಿಮೀಟರ್ ಮಾತ್ರ ಬಂದಿರುತ್ತದೆ. ಅಲ್ಲಿಯವರೆಗೆ ವಾರಕ್ಕೊಂದು ಹೊಸ ಮದ್ದು ಬದಲಿಸದೆ, ದಿನದ ಊಟದಲ್ಲಿ ಒಂದು ಹಿಡಿ ಕಾಳು, ಒಂದು ಕಟ್ಟು ಸೊಪ್ಪು ತಪ್ಪದಂತೆ ನೋಡಿಕೊಳ್ಳಿ.