ಹೂಳಿಟ್ಟ ಗಂಟಿನ ಚಿಲ್ಲರೆ ಹಣ

(ಸಂಘದ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ದಿನದ ವಿಷಯವನ್ನು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು, "ಫ್ರಾನ್ಸ್ ದೇಶದ ಎಂಟುನೂರು ವರ್ಷ ಹಿಂದಿನ ಪುಡಿ ನಾಣ್ಯದಿಂದ ನಮಗೇನು ಲಾಭ ಮಾರಾಯರೇ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಭಾಷಣದ ಕೊನೆಯಲ್ಲಿ ಕೊಡುತ್ತೇನೆಂದು ಹೇಳಿ ಅವರಿಂದ ಅರ್ಧ ಗಂಟೆ ಪಡೆದುಕೊಂಡಿದ್ದೇನೆ.

ನಾನು ವಿದ್ವಾಂಸನಲ್ಲ. ಊರು ಬಿಟ್ಟು ಮುಂಬಯಿಗೆ ಬಂದಾಗ ಹೋಟೆಲಿನಲ್ಲಿ ಲೋಟ ತೊಳೆದವನು. ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಮೇಲೆ ಗಲ್ಲಾದಲ್ಲಿ ಕೂತೆ. ಆ ಬಳಿಕ ಗಿರಣಿ ಸೇರಿ 1982ರ ಮುಷ್ಕರದ ತನಕ ಅಲ್ಲೇ ಇದ್ದೆ. ಗಲ್ಲಾದಲ್ಲಿ ಕೂತ ಮೊದಲ ದಿನವೇ ಧಣಿಗಳು ಕಲಿಸಿದ ಪಾಠ ಇದು: "ನಾಣ್ಯದ ಮುಖ ನೋಡಿ ನಂಬಬೇಡ, ಕಲ್ಲಿನ ಮೇಲೆ ಬಡಿದು ಸದ್ದು ಕೇಳು." ಈಗಿನ ಹುಡುಗರಿಗೆ ಗಲ್ಲಾದಲ್ಲಿ ಕೇಳುವುದು ಮೊಬೈಲಿನ ಸದ್ದು ಮಾತ್ರ. ಆದರೆ ನಾಣ್ಯದ ಹೊಟ್ಟೆಯಲ್ಲಿ ಏನಿದೆ ಎಂದು ಕೇಳುವ ಚಟ ನನಗೆ ಹತ್ತಿದ್ದು ಅಂದೇ.

2017ನೆಯ ಇಸವಿಯ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಫ್ರಾನ್ಸಿನ ಕ್ಲೂನಿ ಎಂಬ ಊರಿನಲ್ಲಿ ಒಂದು ಅಗೆತ ನಡೆಯಿತು. ಅಲ್ಲಿ 910ರಲ್ಲಿ ಸ್ಥಾಪನೆಯಾದ ಒಂದು ಕ್ರೈಸ್ತ ಮಠವಿತ್ತು. ಒಂದು ಕಾಲಕ್ಕೆ ಯೂರೋಪಿನಲ್ಲೆಲ್ಲ ಶಾಖೆಗಳಿದ್ದ ದೊಡ್ಡ ಮಠ ಅದು. ಫ್ರಾನ್ಸಿನ ಕ್ರಾಂತಿಯ ನಂತರ ಅದರ ಕಲ್ಲುಗಳನ್ನು ಕಿತ್ತು ಮಾರಿದರು. ಈಗ ಉಳಿದಿರುವುದು ಒಂದು ಭಾಗ ಮಾತ್ರ. ಆ ಮಠದ ರೋಗಿಗಳ ಶುಶ್ರೂಷೆಯ ಮನೆಯಿದ್ದ ಕಡೆ, ಆನ್ ಬೋ ಎಂಬ ವಿದುಷಿಯ ಮುಂದಾಳುತನದಲ್ಲಿ ಲಿಯೋನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಣ್ಣು ತೆಗೆಯುತ್ತಿರುವಾಗ ಒಂದು ಗಂಟು ಸಿಕ್ಕಿತು. ಬಟ್ಟೆಯ ಚೀಲ ಮಣ್ಣಾಗಿ ಹೋಗಿತ್ತು. ಅದರ ಎಳೆಗಳು ಕೆಲವು ನಾಣ್ಯಗಳಿಗೆ ಅಂಟಿಕೊಂಡಿದ್ದುವು. ಒಳಗೆ 2,200ಕ್ಕೂ ಮೇಲ್ಪಟ್ಟು ಸಣ್ಣ ಬೆಳ್ಳಿಯ ನಾಣ್ಯಗಳು. ಅವುಗಳ ನಡುವೆ ಹದಮಾಡಿದ ತೊಗಲಿನ ಒಂದು ಪುಟ್ಟ ಗಂಟು. ಅದರಲ್ಲಿ 21 ಚಿನ್ನದ ದೀನಾರಗಳು. ಇಷ್ಟಲ್ಲದೆ ಕೆಂಪು ಹರಳಿನ ಒಂದು ಮುದ್ರೆಯುಂಗುರ, ಮಡಿಸಿಟ್ಟ ಚಿನ್ನದ ತಗಡು ಮತ್ತು ಗುಂಡಗಿನ ಒಂದು ಚಿನ್ನದ ವಸ್ತು.

ಜನರ ಕಣ್ಣು ಹೋದದ್ದು ಚಿನ್ನದ ಕಡೆಗೆ. ಅದು ಸಹಜ. ಆದರೆ ನಾನು ಮಾತನಾಡಬೇಕೆಂದಿರುವುದು ಆ ಎರಡು ಸಾವಿರದ ಇನ್ನೂರು ಚಿಲ್ಲರೆಯ ವಿಷಯವಾಗಿ. ಏಕೆಂದರೆ ಚಿನ್ನ ದೊಡ್ಡವರ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ರೊಟ್ಟಿ ಕೊಂಡದ್ದು, ಕೂಲಿ ಕೊಟ್ಟದ್ದು, ಬಾಡಿಗೆ ಕಟ್ಟಿದ್ದು, ಕೈಯಿಂದ ಕೈಗೆ ಹಾಯ್ದು ಸವೆದದ್ದು ಈ ಬಡ ಬೆಳ್ಳಿ.

ಈ ನಾಣ್ಯಕ್ಕೆ ದೆನಿಯೆ ಎಂದು ಹೆಸರು. ಅದರ ಅರ್ಧಕ್ಕೆ ಒಬೋಲ್. ಷಾರ್ಲಮೇನ್ ಚಕ್ರವರ್ತಿ ಸುಮಾರು 794ರಲ್ಲಿ ಒಂದು ಪೌಂಡ್ ಬೆಳ್ಳಿಗೆ 240 ದೆನಿಯೆ ಎಂದು ಕಟ್ಟು ಮಾಡಿದ. 12 ದೆನಿಯೆಗೆ ಒಂದು ಸೂ, 20 ಸೂಗಳಿಗೆ ಒಂದು ಲಿವ್ರ್. ಆದರೆ ಸೂ ಮತ್ತು ಲಿವ್ರ್ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದುವು. ಟಂಕಸಾಲೆಯಲ್ಲಿ ಅಚ್ಚಾಗಿ ಕೈಗೆ ಬರುತ್ತಿದ್ದುದು ದೆನಿಯೆ ಮತ್ತು ಅದರ ಅರ್ಧ. ಸುಮಾರು ಐದು ಶತಮಾನ ಹೀಗೆಯೇ ನಡೆಯಿತು. ಇಂಗ್ಲಿಷರ ಪೌಂಡು, ಷಿಲ್ಲಿಂಗು, ಪೆನ್ಸ್ ಇದೇ ಲೆಕ್ಕ. 1971ರ ವರೆಗೂ ಅವರು ಅದನ್ನು ಬಿಡಲಿಲ್ಲ. 12 ಪೈಗೆ ಒಂದು ಆಣೆ ಎಂದು ಮಗ್ಗಿ ಹೇಳಿ ಬೆಳೆದ ಹಿರಿಯರು ಇಲ್ಲಿದ್ದಾರೆ. 1957ರ ಏಪ್ರಿಲ್ 1ರಂದು ನಯೇ ಪೈಸೆ ಬಂದಾಗ ಹೋಟೆಲಿನ ಗಲ್ಲಾಗಳಲ್ಲಿ ಆದ ಗಲಿಬಿಲಿಯೂ ಅವರಿಗೆ ನೆನಪಿರಬಹುದು. ಹನ್ನೆರಡರ ಲೆಕ್ಕ ಬಿಡುವುದು ಅಷ್ಟು ಸುಲಭವಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ದೆನಿಯೆ ಎಂಬುದು ರೋಮನರ ದೆನಾರಿಯಸ್ ಎಂಬ ಬೆಳ್ಳಿ ನಾಣ್ಯದ ಹೆಸರಿನಿಂದ ಬಂದದ್ದು. ಅರಬರ ದೀನಾರವೂ ಅದರಿಂದಲೇ ಬಂದದ್ದು. ನಮ್ಮ ಸಂಸ್ಕೃತದ ದೀನಾರವೂ ಅದೇ. ಕ್ಲೂನಿಯ ಆ ಒಂದೇ ಚೀಲದಲ್ಲಿ ಬೆಳ್ಳಿಯ ದೆನಿಯೆ, ಚಿನ್ನದ ದೀನಾರ ಎರಡೂ ಮಲಗಿದ್ದುವಲ್ಲ, ಅವು ಒಂದೇ ಅಜ್ಜನ ಮೊಮ್ಮಕ್ಕಳು. ಆ ಅಜ್ಜ ನಮ್ಮ ನಾಡಿಗೂ ಬಂದು ಹೋಗಿದ್ದಾನೆ: ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ದೆನಾರಿಯಸ್‌ಗಳು ದೊರೆತಿವೆ.

ದೆನಿಯೆಯನ್ನು ಮಾಡುತ್ತಿದ್ದ ಕ್ರಮ ನಮ್ಮ ಕಮ್ಮಾರಸಾಲೆಗಿಂತ ಬೇರೆಯಲ್ಲ. ಲೋಹವನ್ನು ಕರಗಿಸಿ, ತೆಳ್ಳಗೆ ಬಡಿದು, ಗುಂಡಗೆ ಬಿಲ್ಲೆ ಕತ್ತರಿಸುವುದು. ಮರದ ಕೊರಡಿಗೆ ನಾಟಿದ ಅಚ್ಚಿನ ಮೇಲೆ ಬಿಲ್ಲೆಯಿಟ್ಟು, ಮೇಲಿನ ಅಚ್ಚನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಸುತ್ತಿಗೆಯ ಪೆಟ್ಟು. ಪೆಟ್ಟು ವಾರೆಯಾದರೆ ಅಕ್ಷರ ಅರ್ಧ ಬೀಳುತ್ತಿತ್ತು. ಹಾಗೆ ಅಕ್ಷರ ತಪ್ಪಿದ ನಾಣ್ಯವನ್ನು ಕಂಡಾಗ ನನಗೆ ರಾಜನ ನೆನಪಾಗುವುದಿಲ್ಲ. ಪಾಳಿ ಮುಗಿಯುವ ಹೊತ್ತಿನಲ್ಲಿ ತೋಳು ಸೋತ ಒಬ್ಬ ಕೆಲಸಗಾರನ ನೆನಪಾಗುತ್ತದೆ.

ನಾಣ್ಯ ಅಚ್ಚುಹಾಕುವ ಹಕ್ಕು ರಾಜನೊಬ್ಬನಿಗೇ ಇರಲಿಲ್ಲ. ಪಾಳೆಯಗಾರರು, ಬಿಷಪ್ಪರು, ಮಠಗಳು ತಮ್ಮ ತಮ್ಮ ದೆನಿಯೆ ಹೊಡೆಯುತ್ತಿದ್ದರು. ಕ್ಲೂನಿಯ ಗಂಟಿನಲ್ಲಿ ಹೆಚ್ಚಿನವು ಆ ಮಠದ ಟಂಕಸಾಲೆಯವೇ. ಕ್ಲೂನಿಯ ದೆನಿಯೆಯ ಒಂದು ಮುಖದಲ್ಲಿ ಸಂತ ಪೀಟರನ ಬೀಗದ ಕೈ, ಇನ್ನೊಂದರಲ್ಲಿ ಶಿಲುಬೆ. ಊರಿಂದೂರಿಗೆ ನಾಣ್ಯದ ಬೆಲೆ ಬೇರೆ. ಪ್ಯಾರಿಸ್ಸಿನ 4 ದೆನಿಯೆ ತೂರ್ ಎಂಬ ಊರಿನ 5 ದೆನಿಯೆಗೆ ಸಮ. ಕೆಲಸ ಹುಡುಕಿಕೊಂಡು ಊರು ಬದಲಾಯಿಸಿದ ಬಡವನಿಗೆ ಮೊದಲ ದಿನವೇ ವಟ್ಟದ ಪೆಟ್ಟು!

ಈಗ ಈ ನಾಣ್ಯಗಳನ್ನು ಹೇಗೆ ಅಭ್ಯಾಸ ಮಾಡುತ್ತಾರೆಂದು ನೋಡೋಣ. ಮೊದಲು ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ತೂಗುತ್ತಾರೆ, ಅಡ್ಡಗಲ ಅಳೆಯುತ್ತಾರೆ, ಅಕ್ಷರ ಓದುತ್ತಾರೆ, ಎಷ್ಟು ಸವೆದಿದೆಯೆಂದು ಗುರುತು ಹಾಕುತ್ತಾರೆ. ಎರಡು ಸಾವಿರದ ಇನ್ನೂರು ಸಲ ಇದೇ ಕೆಲಸ. ಒಂದು ಅಚ್ಚಿನಲ್ಲಿ ಬಿದ್ದ ಸೀಳು ಅದರಿಂದ ಹೊಡೆದ ಎಲ್ಲ ನಾಣ್ಯಗಳ ಮೇಲೂ ಬೀಳುತ್ತದೆ. ಸೀಳು ಚಿಕ್ಕದಾಗಿರುವ ನಾಣ್ಯ ಮೊದಲಿನದು, ದೊಡ್ಡದಾಗಿರುವುದು ಆಮೇಲಿನದು. ಹೀಗೆ ಯಾವುದು ಅಣ್ಣ, ಯಾವುದು ತಮ್ಮ ಎಂದು ತಿಳಿಯಬಹುದು.

ಆಮೇಲೆ ಬೆಳ್ಳಿ ಎಷ್ಟಿದೆ ಎಂಬ ಪರೀಕ್ಷೆ. ಇಲ್ಲೇ ಇರುವುದು ಗುಟ್ಟು. ಷಾರ್ಲಮೇನನ ದೆನಿಯೆ ಹೆಚ್ಚುಕಡಮೆ ಶುದ್ಧ ಬೆಳ್ಳಿ, ತೂಕ ಸುಮಾರು 1.7 ಗ್ರಾಂ. 12ನೆಯ ಶತಮಾನದ ಹೊತ್ತಿಗೆ ಅನೇಕ ಊರುಗಳ ದೆನಿಯೆ ಒಂದು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಅದರಲ್ಲಿಯೂ ಬೆಳ್ಳಿ ಅರ್ಧ ಅಥವಾ ಇನ್ನೂ ಕಡಮೆ, ಉಳಿದದ್ದು ತಾಮ್ರ. ಆದರೆ ನೋಡಲು ಬೆಳ್ಳಗೇ ಇತ್ತು. ಅಚ್ಚುಹಾಕುವ ಮೊದಲು ಬಿಲ್ಲೆಗಳನ್ನು ಹುಳಿಯಲ್ಲಿ ಅದ್ದಿ ತೊಳೆಯುತ್ತಿದ್ದರು. ಹಿತ್ತಾಳೆ ಚೆಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದವರಿಗೆ ಇದು ಅರ್ಥವಾಗುತ್ತದೆ. ಹುಳಿ ಮೇಲಿನ ತಾಮ್ರವನ್ನು ತಿಂದು ಬೆಳ್ಳಿಯನ್ನು ಮಾತ್ರ ಹೊರಗೆ ಉಳಿಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ! ಆದ್ದರಿಂದ ಮೇಲ್ಮೈ ಕೆರೆದು ನೋಡಿದವರು ಮೋಸ ಹೋಗುತ್ತಾರೆ. ಫ್ರಾನ್ಸಿನ ಓರ್ಲಿಯಾನ್ಸ್ ನಗರದ ಪ್ರಯೋಗಶಾಲೆಯಲ್ಲಿ ನ್ಯೂಟ್ರಾನ್ ಎಂಬ ಸೂಕ್ಷ್ಮ ಕಣಗಳನ್ನು ನಾಣ್ಯದೊಳಕ್ಕೆ ಹಾಯಿಸಿ, ಅದನ್ನು ಒಡೆಯದೆಯೇ ಒಳಗಿನ ಬೆಳ್ಳಿ ಎಷ್ಟೆಂದು ಕಂಡುಹಿಡಿಯುವ ವಿಧಾನವನ್ನು ರೂಢಿಸಿದರು. ನಮ್ಮ ಧಣಿಗಳು ಕಲ್ಲಿನ ಮೇಲೆ ಬಡಿದು ಕೇಳುತ್ತಿದ್ದ ಪ್ರಶ್ನೆಯನ್ನೇ ಅವರು ಯಂತ್ರದಿಂದ ಕೇಳಿದರು.

ಈ ಪ್ರಶ್ನೆ ಬರಿಯ ಪಂಡಿತರ ಹವ್ಯಾಸವಲ್ಲ. ಒಂದು ಉದಾಹರಣೆ ಕೊಡುತ್ತೇನೆ. 1266ರಲ್ಲಿ ಒಂಬತ್ತನೆಯ ಲೂಯಿ ಎಂಬ ರಾಜ 12 ದೆನಿಯೆ ಬೆಲೆಯ ಒಂದು ಒಳ್ಳೆಯ ಬೆಳ್ಳಿ ನಾಣ್ಯವನ್ನು ಹೊರಡಿಸಿದ. ಅವನ ಮೊಮ್ಮಗ ನಾಲ್ಕನೆಯ ಫಿಲಿಪ್ ಯುದ್ಧದ ಖರ್ಚಿಗೆಂದು 1295ರಿಂದ ನಾಣ್ಯದ ಬೆಳ್ಳಿಯನ್ನು ಇಳಿಸತೊಡಗಿದ. ಹತ್ತು ವರ್ಷದಲ್ಲಿ ಅಜ್ಜನ ಆ ಒಳ್ಳೆಯ ನಾಣ್ಯಕ್ಕೆ 12ರ ಬದಲು 39 ದೆನಿಯೆ ಎಣಿಸಬೇಕಾಯಿತು. ಕೂಲಿಯವನ ಕೈಗೆ ಬಂದ ದೆನಿಯೆಗಳ ಎಣಿಕೆ ಇಳಿಯಲಿಲ್ಲ, ಒಳಗಿನ ಬೆಳ್ಳಿ ಇಳಿಯಿತು. 1306ರಲ್ಲಿ ರಾಜ ಮತ್ತೆ ಒಳ್ಳೆಯ ನಾಣ್ಯಕ್ಕೆ ಹಿಂದಿರುಗಿದ. ಒಳ್ಳೆಯದಾಯಿತಲ್ಲವೇ? ಇಲ್ಲ. ಮನೆಯ ಮಾಲಿಕರು, "ಬಾಡಿಗೆ ಅಷ್ಟೇ, ಆದರೆ ಒಳ್ಳೆಯ ನಾಣ್ಯದಲ್ಲಿ ಕೊಡಿ" ಎಂದರು. ಎಂದರೆ ಬಾಡಿಗೆ ಒಂದೇ ಸಲಕ್ಕೆ ಮೂರು ಪಟ್ಟು! ಪ್ಯಾರಿಸ್ಸಿನ ಜನ ದಂಗೆಯೆದ್ದರು. ಏತಿಯೆನ್ ಬಾರ್ಬೆತ್ ಎಂಬ ಸಿರಿವಂತ ಅಧಿಕಾರಿಯ ಮನೆಯನ್ನು ಸೂರೆ ಮಾಡಿದರು. ರಾಜ ತಾಂಪ್ಲ್ ಎಂಬ ಕೋಟೆಯಲ್ಲಿ ಅಡಗಬೇಕಾಯಿತು. ಆಮೇಲೆ ಅನೇಕರನ್ನು ಗಲ್ಲಿಗೇರಿಸಿದರು. ಬೆಳ್ಳಿ ಇಳಿದಾಗಲೂ ಪೆಟ್ಟು ಬಡವನಿಗೆ, ಏರಿದಾಗಲೂ ಪೆಟ್ಟು ಬಡವನಿಗೆ. ರಾಜಾಜ್ಞೆಯ ಕಾಗದ ಏನನ್ನೇ ಹೇಳಲಿ, ನಾಣ್ಯಕ್ಕೆ ಬೆರೆಸಿದ ತಾಮ್ರ ಸುಳ್ಳು ಹೇಳುವುದಿಲ್ಲ.

ಮತ್ತೆ ಕ್ಲೂನಿಗೆ ಬರೋಣ. ಆ ಕಾಲದ ದೆನಿಯೆಯ ಮೇಲೆ ಇಸವಿ ಇರುವುದಿಲ್ಲ. ಒಂದೇ ಚಿತ್ರ, ಒಂದೇ ಅಕ್ಷರ ಎಷ್ಟೋ ಕಾಲ ಹಾಗೆಯೇ ನಡೆಯುತ್ತದೆ. ಹಾಗಾದರೆ ಕಾಲ ಗೊತ್ತುಮಾಡುವುದು ಹೇಗೆ? ದೀನಾರದ ಮೇಲೆ ಅಚ್ಚಾದ ಊರೂ ವರ್ಷವೂ ಬರೆದಿರುತ್ತವೆ. ಆ 21 ದೀನಾರಗಳು ಸ್ಪೇನ್ ಮತ್ತು ಮೊರಾಕೋಗಳಲ್ಲಿ ಅಲಿ ಇಬ್ನ್ ಯೂಸುಫ್ ಎಂಬ ಸುಲ್ತಾನನ ಕಾಲದಲ್ಲಿ, 1121ರಿಂದ 1131ರ ಒಳಗೆ ಅಚ್ಚಾದುವು. ಗಂಟು ಹೂಳಿದ್ದು ಅದಕ್ಕಿಂತ ಈಚೆಗೆ ಎಂದಾಯಿತು. ದೆನಿಯೆಗಳನ್ನು ಪರೀಕ್ಷಿಸಿ ಅವು 12ನೆಯ ಶತಮಾನದವೆಂದು ಗೊತ್ತುಮಾಡಿದರು. ಚಿನ್ನ ಒಂದು ಸಾಕ್ಷಿ ಹೇಳಿತು, ಬೆಳ್ಳಿ ಇನ್ನೊಂದು. ಎರಡೂ ಒಟ್ಟಿಗಿದ್ದುದರಿಂದಲೇ ಮಾತು ಪೂರ್ಣವಾಯಿತು. ಚೀಲ ಒಡೆದು, ಚಿನ್ನ ಒಬ್ಬನ ಪಾಲಿಗೆ, ಬೆಳ್ಳಿ ಇನ್ನೊಬ್ಬನ ಪಾಲಿಗೆ ಹೋಗಿದ್ದರೆ ಎರಡೂ ಮೂಕವಾಗುತ್ತಿದ್ದುವು.

ಈ ನಾಣ್ಯಗಳನ್ನು ಅಭ್ಯಾಸ ಮಾಡಿದ ವಿನ್ಸೆಂಟ್ ಬೊರೆಲ್ ಎಂಬುವರು ಇನ್ನೊಂದು ಲೆಕ್ಕ ಹಾಕಿದ್ದಾರೆ. ಅಂದಿನ ಬೆಲೆಯಲ್ಲಿ ಇಡೀ ಗಂಟಿಗೆ ಮೂರರಿಂದ ಎಂಟು ಕುದುರೆ ಬರುತ್ತಿದ್ದುವಂತೆ. ಆದರೆ ಆ ದೊಡ್ಡ ಮಠದ ರೊಟ್ಟಿ ಮತ್ತು ದ್ರಾಕ್ಷಾರಸದ ಖರ್ಚಿಗೆ ಅದು ಸುಮಾರು ಆರು ದಿನಕ್ಕೆ ಮಾತ್ರ ಸಾಕು! ಹೋಟೆಲು ನಡೆಸಿದವರಿಗೆ ಈ ಲೆಕ್ಕದ ರುಚಿ ಗೊತ್ತಾಗುತ್ತದೆ. ಹೂಳಿದವನಿಗೆ ಅದು ಬಾಳಿನ ಗಂಟಾಗಿರಬಹುದು. ಮಠದ ಅಡಿಗೆಮನೆಗೆ ಒಂದು ವಾರವೂ ಅಲ್ಲ. ಅವನು ತಿರುಗಿ ಬಂದು ತೆಗೆಯಲಿಲ್ಲ ಎಂಬುದೊಂದು ನಿಜ. ಟ್ರಂಕಿನ ತಳದಲ್ಲಿ ಊರಿಗೆ ಕಳಿಸುವ ಹಣವನ್ನು ಬಟ್ಟೆಯಲ್ಲಿ ಕಟ್ಟಿಟ್ಟ ನಮಗೆ ಅವನ ಸಂಕಟ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಕಾರ್ಯದರ್ಶಿಗಳ ಪ್ರಶ್ನೆಗೆ ಉತ್ತರ. ನಾನು ಚಿಕ್ಕವನಿದ್ದಾಗ ನಮ್ಮ ಊರಿನ ತೋಟದಲ್ಲಿ ಬಾವಿ ತೋಡುವಾಗ ಒಂದು ಮಣ್ಣಿನ ಕುಡಿಕೆ ಸಿಕ್ಕಿತು. ಒಳಗೆ ಕಪ್ಪಾದ ಪುಟ್ಟ ನಾಣ್ಯಗಳು. "ಪುಡಿ ಹಣ, ಇದರಿಂದೇನು?" ಎಂದು ದೊಡ್ಡವರು ಹಂಚಿಕೊಂಡರು. ನಮ್ಮ ಪಾಲು ಅಕ್ಕಸಾಲಿಯ ಮೂಸೆಗೆ ಹೋಗಿ ನನ್ನ ಅತ್ತೆಯ ಕಾಲಿನ ಗೆಜ್ಜೆಯಾಯಿತು. ಯಾವ ಅರಸನ ಕಾಲದ್ದು, ಯಾರು ಹೂಳಿದ್ದರು, ಯಾವ ಭಯಕ್ಕೆ ಹೂಳಿದ್ದರು, ಎಲ್ಲವೂ ಆ ಮೂಸೆಯಲ್ಲಿ ಕರಗಿಹೋಯಿತು. ಆ ಅತ್ತೆಯ ಮದುವೆಯಲ್ಲಿ ಉಂಡವರಲ್ಲಿ ನಾನೂ ಒಬ್ಬ. ಆದುದರಿಂದ ಯಾರನ್ನೂ ದೂರುವ ಹಕ್ಕು ನನಗಿಲ್ಲ.

ಆದರೆ ನಿಮ್ಮನ್ನು ಕೇಳಿಕೊಳ್ಳುವ ಹಕ್ಕು ಇದೆ. ನೀವು ಊರಿಗೆ ಹೋಗುತ್ತೀರಿ, ಮನೆ ಕಟ್ಟಿಸುತ್ತೀರಿ, ಬಾವಿ ತೋಡಿಸುತ್ತೀರಿ. ಕುಡಿಕೆ ಸಿಕ್ಕರೆ ಹಂಚಬೇಡಿ, ತಿಕ್ಕಬೇಡಿ, ಕರಗಿಸಬೇಡಿ. ಸಿಕ್ಕ ಜಾಗವನ್ನು ಗುರುತುಮಾಡಿ ಜಿಲ್ಲಾಧಿಕಾರಿಗೆ ತಿಳಿಸಿ. 1878ರಿಂದಲೂ ನಿಧಿಯ ಕಾನೂನು ಹೇಳುವುದು ಇದನ್ನೇ. ತಿಳಿಸದೆ ಮುಚ್ಚಿಟ್ಟರೆ ಶಿಕ್ಷೆಯೂ ಉಂಟು. ಚಿನ್ನ ಸಿಕ್ಕರೆ ಹೇಗೂ ನಾಲ್ಕು ಜನ ಕಾಯುತ್ತಾರೆ. ಮೊದಲು ಮೂಸೆಗೆ ಹೋಗುವುದು ಚಿಲ್ಲರೆ. ದುಡಿದವರ ಕಥೆ ಇರುವುದೂ ಆ ಚಿಲ್ಲರೆಯಲ್ಲೇ.