ಲಕೋಟೆ ಬೇರೆ, ಕಾಗದ ಬೇರೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿವೇತನ ಮಂಜೂರಾದ ಸುದ್ದಿಯನ್ನು ಈಗ ಅನೇಕ ಸಂಸ್ಥೆಗಳು ಇ-ಮೇಲ್‌ನಲ್ಲಿ ತಿಳಿಸುತ್ತವೆ. ಇನ್ನೂರು ಮಕ್ಕಳಿದ್ದರೆ ಇನ್ನೂರು ವಿಳಾಸಗಳನ್ನೂ ಒಂದೇ ಪತ್ರದಲ್ಲಿ ತುಂಬಿ, ಪೂರ್ಣ ಪಟ್ಟಿಯನ್ನೂ ಲಗತ್ತಿಸಿ ಕಳುಹಿಸುವುದುಂಟು. ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಯಾರ ಫೀಸು ಝಕಾತ್ ನಿಧಿಯಿಂದ ಹೋಯಿತು ಎಂಬುದು ಇನ್ನೂರು ಮನೆಗಳಿಗೂ ಗೊತ್ತಾಗುತ್ತದೆ. ಗುಟ್ಟಾಗಿ ಕೊಡುವ ದಾನಕ್ಕೆ ನಮ್ಮಲ್ಲಿ ಎಂಥ ಸ್ಥಾನವಿದೆ ಎಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಪ್ರತಿ ವಿದ್ಯಾರ್ಥಿಗೂ ಅವರವರ ಹೆಸರು, ಅವರವರ ಮೊತ್ತವಿರುವ ಕಾಗದ ಮಾತ್ರ ಹೋಗಬೇಕು. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಲಿನಕ್ಸ್ ಹಾಕಿದ ಒಂದು ಹಳೆಯ ಕಂಪ್ಯೂಟರ್, ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡುವ ಸ್ವಲ್ಪ ಧೈರ್ಯ ಸಾಕು.

ಯೂನಿಕ್ಸ್‌ನಲ್ಲಿ ‘ಮೇಲ್’ ಎಂಬ ಆದೇಶ 1970ರ ದಶಕದಿಂದಲೂ ಇದೆ. ಆದೇಶದ ಹೆಸರು, ವಿಷಯ, ವಿಳಾಸ, ಕಾಗದವಿರುವ ಕಡತ, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದು ಎಂಟರ್ ಒತ್ತಿದರೆ ಆಯಿತು. ಒಂದು ಪತ್ರಕ್ಕಾದರೆ ಇದರಿಂದ ಲಾಭವಿಲ್ಲ, ಜಿಮೇಲ್ ತೆರೆಯುವುದೇ ಸುಲಭ. ಇನ್ನೂರಾದಾಗ ಇದರ ಬೆಲೆ ತಿಳಿಯುತ್ತದೆ. ಹೆಸರು, ವಿಳಾಸ, ಮೊತ್ತಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿ, ಪ್ರತಿ ಸಾಲಿಗೂ ಅದೇ ಆದೇಶವನ್ನು ನಡೆಸುವ ಹತ್ತು ಸಾಲಿನ ಸ್ಕ್ರಿಪ್ಟನ್ನು ಪಿಯುಸಿ ವಿದ್ಯಾರ್ಥಿಯೂ ಬರೆಯಬಲ್ಲ. ಮೊದಲು ಎಲ್ಲ ಪತ್ರಗಳೂ ನಿಮ್ಮ ವಿಳಾಸಕ್ಕೇ ಬರುವಂತೆ ಮಾಡಿ ನೋಡಿ. ಪಟ್ಟಿಯಲ್ಲಿ ಒಂದು ಸಾಲು ಜಾರಿದರೆ ಒಬ್ಬರ ಮೊತ್ತ ಇನ್ನೊಬ್ಬರಿಗೆ ತಿಳಿಯುತ್ತದೆ. ಕನ್ನಡದ ಕಾಗದ ಯೂನಿಕೋಡ್‌ನಲ್ಲೇ ಇರಲಿ. ನುಡಿಯ ಹಳೆಯ ಫಾಂಟ್‌ನಲ್ಲಿ ಬರೆದದ್ದು ಆಚೆ ಕಡೆ ಬರೀ ಗೀಚು.

ಮನೆಯ ಇಂಟರ್‌ನೆಟ್‌ನಿಂದ ನೇರವಾಗಿ ಕಳುಹಿಸಿದ ಪತ್ರ ಸಾಮಾನ್ಯವಾಗಿ ಮುಟ್ಟುವುದಿಲ್ಲ. ‘ಎಂಎಸ್‌ಎಂಟಿಪಿ’ಯಂಥ ಸಣ್ಣ ಪ್ರೋಗ್ರಾಮಿನ ಮೂಲಕ ಜಿಮೇಲ್‌ನ ಕೈಗೆ ಕೊಡಬೇಕು. 2022ರಿಂದ ಜಿಮೇಲ್ ಇದಕ್ಕೆ ಮಾಮೂಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆಯಬೇಕು. ದಿನಕ್ಕೆ ಇಷ್ಟೇ ಪತ್ರ ಎಂಬ ಮಿತಿಯೂ ಇರುವುದರಿಂದ ಆತುರ ಬೇಡ.

ಇನ್ನು ವಿದ್ಯಾರ್ಥಿಗಳು ಮುಖ್ಯವಾಗಿ ಕೇಳಬೇಕಾದ ಮಾತು. ಪತ್ರ ಹೊರಡುವಾಗ ಎರಡು ಕಂಪ್ಯೂಟರ್‌ಗಳು ಸರಳ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತವೆ. ‘ಮೇಲ್ ಫ್ರಮ್’ ಎಂದರೆ ಇಂಥವರಿಂದ, ‘ಆರ್‌ಸಿಪಿಟಿ ಟು’ ಎಂದರೆ ಇಂಥವರಿಗೆ. ಇದು ಲಕೋಟೆ. ಅನಂತರ ‘ಡೇಟಾ’ ಎಂದು ಹೇಳಿ ಕಾಗದವನ್ನು ಓದಿಸಿ, ಕೊನೆಗೆ ಒಂದು ಸಾಲಿನಲ್ಲಿ ಚುಕ್ಕಿ ಮಾತ್ರ ಇಟ್ಟರೆ ಮುಗಿಯಿತು. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ನಿಯಮಾವಳಿಯ ಈ ಚೌಕಟ್ಟು ಇಂದಿಗೂ ಹಾಗೆಯೇ ಇದೆ. ನಮ್ಮ ಪರದೆಯಲ್ಲಿ ಕಾಣುವ ‘ಫ್ರಮ್’ ಲಕೋಟೆಯದಲ್ಲ, ಕಾಗದದೊಳಗಿನದು. ಬರೆಯುವವನು ಅಲ್ಲಿ ಯಾರ ಹೆಸರನ್ನೂ ಬರೆಯಬಹುದು! ಕಪ್ಪು ಪರದೆಯಲ್ಲಿ ತನಗೆ ತಾನೇ ಒಂದು ಪತ್ರ ಕಳುಹಿಸಿ ನೋಡಿದವನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗುವುದಿಲ್ಲ.

‘ನಿಮಗೆ ಸ್ಕಾಲರ್‌ಶಿಪ್ ಮಂಜೂರಾಗಿದೆ, ಮೊದಲು ಸಂಸ್ಕರಣಾ ಶುಲ್ಕ ಕಟ್ಟಿ’ ಎಂಬ ಮೋಸದ ಪತ್ರಗಳು ನಡೆಯುವುದು ಈ ದಾರಿಯಲ್ಲೇ. ತಡೆಯಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳಿವೆ. ಭಾರೀ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಇವನ್ನು ಕಡ್ಡಾಯ ಮಾಡಿದವು. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ‘ಶೋ ಒರಿಜಿನಲ್’ ಒತ್ತಿದರೆ ಪತ್ರ ಪಾಸೋ ಫೇಲೋ ಕಾಣುತ್ತದೆ. ಆದರೆ ಪಾಸಾದ ಮಾತ್ರಕ್ಕೆ ಕಳುಹಿಸಿದವನು ಸಾಚಾ ಎಂದಲ್ಲ. ಆ ಡೊಮೈನ್‌ನಿಂದಲೇ ಬಂದಿದೆ ಎಂದಷ್ಟೇ ಅರ್ಥ. ಒಂದಕ್ಷರ ಬದಲಿಸಿ ಕೊಂಡುಕೊಂಡ ಡೊಮೈನ್ ಕೂಡ ಪಾಸಾಗುತ್ತದೆ. ಆದ್ದರಿಂದ ‘@’ ಚಿಹ್ನೆಯ ನಂತರದ ಅಕ್ಷರಗಳನ್ನು ಒಂದೊಂದಾಗಿ ಓದಿ. ಹಣ ಕೇಳಿದ್ದರೆ ಸಂಸ್ಥೆಗೆ ಫೋನ್ ಮಾಡಿ, ಆ ಪತ್ರದಲ್ಲಿರುವ ನಂಬರಿಗಲ್ಲ, ಅರ್ಜಿ ಫಾರಮ್ಮಿನಲ್ಲಿರುವ ನಂಬರಿಗೆ.