ಕಡಲೆಕಾಯಿ ಸಿಪ್ಪೆಯೂ ಬಾವಿಯ ನೀರೂ



ಬಂಗಾರಪೇಟೆಯಿಂದ ಚಿನ್ನದ ಗಣಿಯ ಕಡೆ ಹೊರಟರೆ ದೂರಕ್ಕೇ ಬೂದು ದಿಬ್ಬಗಳು ಕಾಣುತ್ತವೆ. ಜನ ಅವನ್ನು ಸಯನೈಡ್ ದಿಬ್ಬ ಎನ್ನುತ್ತಾರೆ. ಅವು ಹುಟ್ಟು ಗುಡ್ಡಗಳಲ್ಲ. ಕಲ್ಲು ಅರೆದು ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿ. 1880ರಲ್ಲಿ ಶುರುವಾದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಪುಡಿ ಅಲ್ಲೇ ಉಳಿಯಿತು. ಬೇಸಿಗೆಯಲ್ಲಿ ಗಾಳಿಗೆ ಏಳುತ್ತದೆ, ಮಳೆ ಬಂದರೆ ಹಳ್ಳಕ್ಕೆ ಇಳಿಯುತ್ತದೆ.

ಸಯನೈಡು ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಒಡೆದು ಹೋಗಬಹುದು. ಆದರೆ ಸೀಸ, ಆರ್ಸೆನಿಕ್‌ನಂಥವು ಒಡೆಯುವುದಿಲ್ಲ. ಮೈಲುತುತ್ತ ನೀರಿಗೆ ಬಿದ್ದರೆ ನೀಲಿ ಬಣ್ಣ ಕಾಣುತ್ತದೆ, ಅದರಲ್ಲಿರುವುದು ತಾಮ್ರ. ಸೀಸ ಹಾಗಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ನೀರು ಕಾಯಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ, ಅಷ್ಟೆ.

ಇದಕ್ಕೆ ನಮ್ಮ ಹಿತ್ತಿಲಲ್ಲೇ ಒಂದು ಉಪಾಯ ಉಂಟು ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಕಡಲೆಕಾಯಿ ಸಿಪ್ಪೆ, ಭತ್ತದ ಹೊಟ್ಟು, ತೆಂಗಿನ ನಾರು ಇವುಗಳ ನಾರಿನಲ್ಲಿ ಲೋಹವನ್ನು ಹಿಡಿಯುವ ಗುಣವಿದೆ. ಉಣ್ಣೆ ಕಂಬಳಿಗೆ ಮುಳ್ಳುಕಾಯಿ ಅಂಟಿಕೊಳ್ಳುವಂತೆ ಸೀಸ, ಕ್ಯಾಡ್ಮಿಯಂ, ತಾಮ್ರ ಅಂಟಿಕೊಳ್ಳುತ್ತವೆ. ಸಿಪ್ಪೆಯನ್ನು ತೊಳೆದು, ಒಣಗಿಸಿ, ರಾಗಿ ಕಾಳಿನ ಗಾತ್ರಕ್ಕೆ ಕುಟ್ಟಿ, ಕಂದು ನೀರು ನಿಲ್ಲುವ ತನಕ ನೆನೆಸಿ ಬಸಿಯಬೇಕು. ಇಲ್ಲದಿದ್ದರೆ ನೀರು ಕಷಾಯವಾಗುತ್ತದೆ!

ಇಷ್ಟು ಹೇಳುವಷ್ಟರಲ್ಲಿ ಒಂದು ಹಳ್ಳಿಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೇಳಿದರು: "ಅಲ್ಲ ಸ್ವಾಮಿ, ಸಿಪ್ಪೆ ಹಿಡಕೊಂಡ ವಿಷ ಆಮೇಲೆ ಎಲ್ಲಿಗೆ ಹೋಯ್ತದೆ?" ನನ್ನ ಕೈಯಲ್ಲಿದ್ದ ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಜ್ಜಿ ಕೇಳಿದ್ದೇ ಸರಿಯಾದ ಪ್ರಶ್ನೆ. ವಿಷ ಎಲ್ಲಿಗೂ ಹೋಗುವುದಿಲ್ಲ, ಸಿಪ್ಪೆಯಲ್ಲೇ ಕೂತಿರುತ್ತದೆ. ಅದನ್ನು ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ರಾಗಿ ಹೊಲಕ್ಕೆ ಬರುತ್ತದೆ. ಒಲೆಗೆ ಹಾಕಿದರೆ ಬೂದಿಯಲ್ಲಿ ಉಳಿಯುತ್ತದೆ, ಆ ಬೂದಿಯಲ್ಲೇ ನಾವು ಪಾತ್ರೆ ತಿಕ್ಕುತ್ತೇವೆ. ದನಕ್ಕಂತೂ ಹಾಕಲೇಬಾರದು.

ಇನ್ನೂ ಎರಡು ತೊಡಕು. ಆರ್ಸೆನಿಕ್ ಬರಿಯ ಸಿಪ್ಪೆಗೆ ಸರಿಯಾಗಿ ಅಂಟುವುದಿಲ್ಲ. ಕಬ್ಬಿಣದ ಲೇಪ ಕೊಟ್ಟರೆ ಮಾತ್ರ ಹಿಡಿಯುತ್ತದೆ, ಅದು ಪ್ರಯೋಗಶಾಲೆಯವರ ಕೆಲಸ. ಮತ್ತೆ ನಮ್ಮ ಕಡೆ ಕೊಳವೆ ಬಾವಿಯ ನೀರು ಬಹುಪಾಲು ಗಡಸು. ಅದರಲ್ಲಿರುವ ಸುಣ್ಣದ ಅಂಶ ಸೀಸಕ್ಕಿಂತ ಮೊದಲೇ ಬಂದು ಜಾಗ ಹಿಡಿದು ಕೂತುಬಿಡುತ್ತದೆ. ಸಿಪ್ಪೆ ತುಂಬಿ ಹೋದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಮಡಕೆಯಿಂದ ತಿಳಿನೀರೇ ಇಳಿಯುತ್ತಿರುತ್ತದೆ.

ಆದ್ದರಿಂದ ಮನೆಯಲ್ಲಿ ಸಿಪ್ಪೆ ಮಡಕೆ ಕಟ್ಟಿ ಆ ನೀರನ್ನು ಮಕ್ಕಳಿಗೆ ಕುಡಿಸಬೇಡಿ. ದಿಬ್ಬದ ಕೆಳಮಗ್ಗುಲಲ್ಲಿ ನಿಮ್ಮ ಬಾವಿ ಇದ್ದರೆ ಮೊದಲು ಪಂಚಾಯಿತಿ ಮೂಲಕ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ. "ಸೀಸ, ಆರ್ಸೆನಿಕ್ ಎರಡನ್ನೂ ನೋಡಿ" ಎಂದು ಬಾಯಿಬಿಟ್ಟು ಕೇಳಿ; ಹಳ್ಳಿಗೆ ತರುವ ಪೆಟ್ಟಿಗೆ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅವು ಸೇರಿರುವುದಿಲ್ಲ. ಕುಡಿಯುವ ನೀರಿನ ಮಾನಕದಂತೆ ಎರಡಕ್ಕೂ ಮಿತಿ ಒಂದೇ: ಲೀಟರಿಗೆ 0.01 ಮಿಲಿಗ್ರಾಂ. ಫಲಿತಾಂಶ ಬರುವ ತನಕ ಕುಡಿಯಲು, ಅಡಿಗೆಗೆ ಬೇರೆ ನೀರು ತನ್ನಿ.

ಹೊಲ ಉಳುವಾಗ ದಿಬ್ಬದ ಕಡೆಯ ಬದುವಿನಲ್ಲಿ ಹುಲ್ಲನ್ನು ಕೀಳಬೇಡಿ, ಹರಿದು ಬರುವ ಪುಡಿಯನ್ನು ಅದು ಅಷ್ಟಿಷ್ಟು ತಡೆಯುತ್ತದೆ. ಆದರೆ ಆ ಹುಲ್ಲನ್ನು ಕೊಯ್ದು ದನಕ್ಕೆ ಹಾಕಬೇಡಿ.